ದಿನ ತುಂಬಿದ ಮನೆಯಲ್ಲಿ ಅಪ್ಪನಾಗುವವನ ಪಾಲು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬಸುರಿಯರವು, ಇಲ್ಲವೇ ಅವರ ತಾಯಂದಿರವು. ಈ ತಿಂಗಳು ಮಾತ್ರ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಗಂಡಸರು ಬರೆದ ಪತ್ರಗಳೇ ಹೆಚ್ಚಾಗಿ ಬಂದಿವೆ. ಬಹುಕಾಲ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿರುತ್ತಿದ್ದ ಗಂಡಂದಿರ ಮುಖಗಳು ಇನ್ನೂ ನೆನಪಿವೆ. ಅವರಲ್ಲಿ ಬಹುಪಾಲು ಜನ ಅಕ್ಕರೆ ಇಲ್ಲದವರಲ್ಲ. ಏನು ಮಾಡಬೇಕೆಂದು ಯಾರಿಂದಲೂ ಹೇಳಿಸಿಕೊಳ್ಳದವರು. ಆದ್ದರಿಂದ ಈ ಸಲದ ಪುಟಗಳನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನನ್ನ ಹೆಂಡತಿಗೆ 36 ವಾರ ತುಂಬಿದೆ. ಚೊಚ್ಚಲ ಹೆರಿಗೆಯಾದ್ದರಿಂದ ಕುಬಸ ಮಾಡಿ ತವರಿಗೆ ಕಳಿಸಿದ್ದೇವೆ. ಅವರ ಊರು ಜಗಳೂರು ತಾಲ್ಲೂಕಿನ ಒಳಹಳ್ಳಿ. ಹೋದ ವಾರದ ತಪಾಸಣೆಯಲ್ಲಿ ರಕ್ತ 8.8 ಇದೆ ಎಂದು ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ. ‘ಹೆಣ್ಣು ತವರಲ್ಲಿದ್ದಾಳೆ, ಇನ್ನು ನಿನ್ನದೇನು ಕೆಲಸ, ಕೂಸು ಹುಟ್ಟಿದ ಮೇಲೆ ಹೋಗಿ ನೋಡಿಕೊಂಡು ಬಾ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ನನಗೆ ಸುಮ್ಮನಿರಲು ಮನಸ್ಸಾಗುತ್ತಿಲ್ಲ. ನಾನು ಮಾಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಇದೆ, ಮತ್ತು ಅದರಲ್ಲಿ ಬಹಳಷ್ಟನ್ನು ಈ ವಾರವೇ ಮಾಡಬೇಕಾಗಿದೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ತಾಯಿಯ ಮನೆಯಲ್ಲಿ ಸಿಗುವ ನಿದ್ದೆ, ಸಲಿಗೆ, ಬೇಕೆನಿಸಿದ್ದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಆದರೆ ಈ ಪದ್ಧತಿಯೊಳಗೆ ಒಂದು ತೊಡಕಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಡುರಾತ್ರಿ ನೋವು ಶುರುವಾಗುತ್ತದೆ, ಅಥವಾ ತಾಲ್ಲೂಕು ಆಸ್ಪತ್ರೆಯವರು ‘ದಾವಣಗೆರೆಗೆ ಕರೆದುಕೊಂಡು ಹೋಗಿ’ ಎನ್ನುತ್ತಾರೆ, ಅಥವಾ ‘ಆಪರೇಷನ್ ಮಾಡಬೇಕು’ ಎನ್ನುತ್ತಾರೆ. ಆಗ ಹುಡುಗಿಯ ತಂದೆತಾಯಿ ‘ಅಳಿಯಂದಿರನ್ನು ಒಂದು ಮಾತು ಕೇಳೋಣ’ ಎಂದು ಫೋನು ಹಿಡಿದು ನಿಲ್ಲುತ್ತಾರೆ. ಅಳಿಯ ರಾತ್ರಿ ಪಾಳಿಯಲ್ಲಿ ಯಂತ್ರದ ಸದ್ದಿನ ನಡುವೆ ಇರುತ್ತಾನೆ, ಫೋನು ಎತ್ತುವುದಿಲ್ಲ. ಎತ್ತಿದರೂ ‘ಅಪ್ಪನನ್ನು ಕೇಳಿ ಹೇಳುತ್ತೇನೆ’ ಎನ್ನುತ್ತಾನೆ. ಯಾರದೂ ಕೆಟ್ಟ ಮನಸ್ಸಲ್ಲ, ಎಲ್ಲವೂ ಮರ್ಯಾದೆಗಾಗಿಯೇ ನಡೆಯುವುದು, ಆದರೂ ಒಂದು ಜೀವಕ್ಕೆ ಬೇಕಾಗಿದ್ದ ಒಂದೆರಡು ಗಂಟೆ ಅಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ನಿಮ್ಮ ಮೊದಲ ಕೆಲಸ ಇದು: ಬರುವ ಭಾನುವಾರವೇ ಅತ್ತೆಯ ಮನೆಗೆ ಹೋಗಿ, ಮಾವ, ಅತ್ತೆ, ಭಾವಮೈದುನರು ಮತ್ತು ನಿಮ್ಮ ಹೆಂಡತಿ ಎಲ್ಲರೂ ಕುಳಿತಿರುವಾಗ, ‘ವೈದ್ಯರು ಎಲ್ಲಿಗೆ ಹೋಗಿ ಎನ್ನುತ್ತಾರೋ ಅಲ್ಲಿಗೆ ಹೊರಡಿ, ಏನು ಮಾಡಬೇಕು ಎನ್ನುತ್ತಾರೋ ಅದಕ್ಕೆ ಒಪ್ಪಿಕೊಳ್ಳಿ, ನನ್ನ ಮಾತಿಗಾಗಿ ಕಾಯಬೇಡಿ, ಖರ್ಚು ನನ್ನದು’ ಎಂದು ಬಾಯಿಬಿಟ್ಟು ಹೇಳಿ ಬನ್ನಿ. ನಿಮ್ಮ ಮನೆಯ ಹಿರಿಯರಿಗೂ ಇದೇ ಮಾತನ್ನು ತಿಳಿಸಿ. ಹದಿನೆಂಟು ತುಂಬಿದ, ಪ್ರಜ್ಞೆಯಲ್ಲಿರುವ ಹೆಣ್ಣುಮಗಳು ತನ್ನ ಚಿಕಿತ್ಸೆಗೆ ತಾನೇ ಕೊಡುವ ಒಪ್ಪಿಗೆ ಕಾನೂನಿನ ಪ್ರಕಾರ ಸಾಕು, ಗಂಡನ ಸಹಿ ಇಲ್ಲದೆ ಚಿಕಿತ್ಸೆ ನಿಲ್ಲಬೇಕಾಗಿಲ್ಲ ಎಂಬುದೂ ನಿಮ್ಮಿಬ್ಬರಿಗೂ ಗೊತ್ತಿರಲಿ. ರೂಢಿಯಲ್ಲಿ ಆಸ್ಪತ್ರೆಯವರು ಹತ್ತಿರದ ಸಂಬಂಧಿಕರೊಬ್ಬರ ಸಹಿಯನ್ನೂ ಕೇಳುತ್ತಾರೆ. ಅದನ್ನು ಯಾರು ಹಾಕುತ್ತಾರೆ ಎಂಬುದನ್ನು ಅಂದೇ ತೀರ್ಮಾನಿಸಿಬಿಡಿ.

ಎರಡನೆಯದು ಆ 8.8. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. 7ರಿಂದ 10ರ ನಡುವಿನದನ್ನು ಮಧ್ಯಮ ಪ್ರಮಾಣದ್ದು ಎನ್ನುತ್ತೇವೆ. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋಗುವುದು ಸಹಜ. ಮೈಯಲ್ಲಿ ಸಾಕಷ್ಟು ರಕ್ತ ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ, ಇಲ್ಲದವಳಿಗೆ ಅಷ್ಟೇ ರಕ್ತಸ್ರಾವವೂ ಪ್ರಾಣಕ್ಕೆ ಬರಬಹುದು. ಇನ್ನು ಮೂರು ನಾಲ್ಕು ವಾರಗಳಷ್ಟೇ ಉಳಿದಿರುವಾಗ ಮಾತ್ರೆಯೊಂದನ್ನೇ ನಂಬಿಕೊಂಡಿರುವುದು ಸರಿಯಲ್ಲ. ಈ ವಾರವೇ ಅವರನ್ನು ವೈದ್ಯರಿಗೆ ತೋರಿಸಿ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಅಗತ್ಯವಿದೆಯೇ ಎಂದು ನೀವೇ ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ಆದರೆ ಆ ದಿನ ದೂರವಿದ್ದರೆ ಅದಕ್ಕಾಗಿ ಕಾಯಬೇಡಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆಗೆ ಅಥವಾ ಸುಣ್ಣಾಂಶದ ಮಾತ್ರೆಯ ಜೊತೆಗೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಹೆಣ್ಣುಮಕ್ಕಳು ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದುಂಟು. ‘ಮಾತ್ರೆ ತಗೊಂಡ್ಯಾ’ ಎಂದು ಗದರುವ ದನಿಯಲ್ಲಿ ಕೇಳದೆ, ‘ತಗೊಂಡರೆ ಏನಾಗುತ್ತೆ’ ಎಂದು ಕೇಳಿ ನೋಡಿ. ನಿಜವಾದ ಉತ್ತರ ಬರುತ್ತದೆ.

ಇಷ್ಟು ರಕ್ತಹೀನತೆ ಇರುವಾಗ ಹೆರಿಗೆ ರಕ್ತನಿಧಿಯೂ ಆಪರೇಷನ್ ವ್ಯವಸ್ಥೆಯೂ ಇರುವ ಕಡೆಯೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಮಟ್ಟಿಗೆ ಅದು ದಾವಣಗೆರೆ. ಜಗಳೂರಿನಿಂದಲೇ ಅದು ಸುಮಾರು 50 ಕಿಲೋಮೀಟರು, ಒಳಹಳ್ಳಿಯಿಂದ ಇನ್ನೂ ದೂರ. ಆ ದಾರಿಯನ್ನು ನೋವು ಬಂದ ರಾತ್ರಿಯೇ ಮೊದಲ ಸಲ ಯೋಚಿಸುವಂತಾಗಬಾರದು. ದಾವಣಗೆರೆಯಲ್ಲಿ ನಿಮಗೋ ಅವರಿಗೋ ಹತ್ತಿರದ ನೆಂಟರ ಮನೆ ಇದ್ದರೆ 38ನೆಯ ವಾರದಿಂದ ತಾಯಿ ಮಗಳು ಇಬ್ಬರೂ ಅಲ್ಲಿದ್ದರೆ ಎಷ್ಟೋ ನಿಶ್ಚಿಂತೆ. ಹಾಗಾಗದಿದ್ದರೆ ವಾಹನದ ಏರ್ಪಾಡು ಗಟ್ಟಿಯಿರಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ಹೋಬಳಿ, ತಾಲ್ಲೂಕು, ಊರ ಬಾಗಿಲಲ್ಲಿರುವ ಗುಡಿಯೋ ಶಾಲೆಯೋ ಯಾವುದಾದರೊಂದು ಗುರುತು, ಎಷ್ಟು ವಾರ ತುಂಬಿದೆ, ಚೊಚ್ಚಲೇ ಎಂಬುದನ್ನು ತಡವರಿಸದೆ ಹೇಳುವಂತಿರಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನ ಒಳಗೆ ಇಡಿ. ಆಂಬುಲೆನ್ಸ್ ಬೇರೆ ಕರೆಗೆ ಹೋಗಿರುವ ಸಂದರ್ಭಕ್ಕೆ ಊರಲ್ಲಿ ಕಾರೋ ಟಾಟಾ ಏಸೋ ಇರುವ ಇಬ್ಬರನ್ನು ಮೊದಲೇ ಮಾತಾಡಿಸಿ, ಅವರ ನಂಬರುಗಳನ್ನು ಅದೇ ಹಾಳೆಯಲ್ಲಿ ಬರೆಯಿರಿ. ಒಬ್ಬರು ಸಾಲದು, ಆ ಒಬ್ಬರು ಅದೇ ದಿನ ಮದುವೆಗೆ ಬಾಡಿಗೆ ಹೋಗಿರಬಹುದು.

ಯಾವಾಗ ಹೊರಡಬೇಕು ಎಂಬುದರಲ್ಲಿ ಗಂಡಸರಿಗೆ ಗೊಂದಲ ಹೆಚ್ಚು. ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲವಾಗುವುದು ಸಹಜ. ಮಲಗಿದರೆ, ಓಡಾಡಿದರೆ, ನೀರು ಕುಡಿದರೆ ಅದು ಕಡಿಮೆಯಾಗುತ್ತದೆ. ನಿಜವಾದ ಹೆರಿಗೆ ನೋವು ಏನು ಮಾಡಿದರೂ ಬಿಡುವುದಿಲ್ಲ, ಸೊಂಟದಿಂದ ಕಿಬ್ಬೊಟ್ಟೆಗೆ ಸುತ್ತಿಕೊಂಡು ಬರುತ್ತದೆ, ಬರಬರುತ್ತಾ ಹತ್ತಿರವಾಗುತ್ತದೆ, ಜೋರಾಗುತ್ತದೆ. ಪೇಟೆಯಲ್ಲಿರುವ ಚೊಚ್ಚಲ ಬಸುರಿಗೆ, ಐದು ನಿಮಿಷಕ್ಕೊಮ್ಮೆ, ಒಂದೊಂದು ಸಲ ಸುಮಾರು ಒಂದು ನಿಮಿಷದಷ್ಟು ನೋವು ಒಂದು ಗಂಟೆಯ ಕಾಲ ಬಂದರೆ ಹೊರಡಿ ಎನ್ನುತ್ತೇವೆ. ನಿಮ್ಮ ಹೆಂಡತಿಯ ಪರಿಸ್ಥಿತಿಯಲ್ಲಿ ಅಷ್ಟು ಹೊತ್ತು ಕಾಯುವುದು ಬೇಡ. ನೋವು ಒಂದು ಲಯಕ್ಕೆ ಬಂದಿದೆ ಎನಿಸಿದ ಕೂಡಲೇ ಹೊರಡಲಿ. ಹೋಗಿ ಸುಳ್ಳು ನೋವೆಂದು ವಾಪಸ್ಸು ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನೋವು ಇರಲಿ ಬಿಡಲಿ, ಕೆಲವು ಲಕ್ಷಣಗಳು ಕಂಡರೆ ಬೆಳಗಾಗಲಿ ಎನ್ನದೆ ಹೊರಡಲೇಬೇಕು. ಉಮ್ಮನೀರು ಹೋಗುವುದು, ಅದರಲ್ಲೂ ಅದು ಹಸಿರು ಅಥವಾ ಕಂದು ಬಣ್ಣದಲ್ಲಿರುವುದು, ಲೋಳೆಯ ಜೊತೆ ಬರುವ ಒಂದೆರಡು ರಕ್ತದ ಎಳೆಗಳಲ್ಲದೆ ಕೆಂಪಾಗಿ ರಕ್ತ ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಎದೆಯ ಕೆಳಗೆ ಮೇಲ್ಹೊಟ್ಟೆಯಲ್ಲಿ ನೋವು, ಜ್ವರ, ಮತ್ತು ಮಗುವಿನ ಓಡಾಟ ಎಂದಿಗಿಂತ ಕಡಿಮೆಯಾಗುವುದು. ತಲೆನೋವನ್ನು ಬಿಸಿಲಿನದು, ಊತವನ್ನು ಬಸುರಿಯರಿಗೆಲ್ಲ ಬರುವಂಥದ್ದು ಎಂದು ತಳ್ಳಿಹಾಕುವುದು ನಮ್ಮ ಬಯಲುಸೀಮೆಯಲ್ಲಿ ಬಹಳ. ಇವು ರಕ್ತದೊತ್ತಡ ಏರಿ ನಂಜಾಗುತ್ತಿರುವ ಸೂಚನೆಗಳಿರಬಹುದು, ಮುಂದುವರಿದರೆ ಫಿಟ್ಸ್ ಬರುತ್ತದೆ. ದಿನಕ್ಕೊಮ್ಮೆ ಫೋನು ಮಾಡಿದಾಗ ‘ಊಟ ಆಯ್ತಾ’ ಎಂಬ ಮಾತಿನ ಜೊತೆಗೆ ‘ಕೂಸು ಇವತ್ತು ಹೇಗೆ ಆಡ್ತಿದೆ’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಚಳ್ಳಕೆರೆಯಲ್ಲಿದ್ದುಕೊಂಡೇ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು.

ಚೀಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅತ್ತೆಯವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ: ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಕುಲಾಯಿ, ಹೊದೆಸಲು ದುಪ್ಪಟಿ, ಪ್ಯಾಡುಗಳು, ಮುಂದೆ ಗುಂಡಿ ಇರುವ ನೈಟಿ. ಗಂಡನ ಪಾಲಿನದು ಕಾಗದಪತ್ರ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಇಬ್ಬರ ಆಧಾರ್, ರೇಷನ್ ಕಾರ್ಡ್, ಹೆಂಡತಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಇವುಗಳ ಜೆರಾಕ್ಸ್ ಎರಡೆರಡು ಪ್ರತಿ ಮಾಡಿಸಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ಅಗತ್ಯವಿದ್ದರೆ ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ಇದು ದಯೆಯಲ್ಲ, ನಿಮ್ಮ ಹಕ್ಕು. ಹಾಗಿದ್ದರೂ ಮೇಲುಖರ್ಚಿಗೆಂದು ಸ್ವಲ್ಪ ಹಣ ಅತ್ತೆಯವರ ಕೈಯಲ್ಲಿ ಮೊದಲೇ ಇರಲಿ. ರಾತ್ರಿ ಅವರು ಯಾರನ್ನೂ ಸಾಲ ಕೇಳುವಂತಾಗಬಾರದು.

ಕೊನೆಗೆ, ತಾಯಿ ಕಾರ್ಡಿನಲ್ಲಿ ಬರೆದಿರುವ ತಾರೀಖು ಮುಹೂರ್ತವಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು ಅದು; ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು ಎಂದುಕೊಂಡು, ಗಿರಣಿಯ ಮಾಲೀಕರಿಗೆ ಈಗಲೇ ಹೇಳಿಡಿ, ಪಾಳಿಯಲ್ಲಿರುವಾಗ ನಿಮ್ಮ ಫೋನು ಎತ್ತಬಲ್ಲ ಒಬ್ಬರ ನಂಬರನ್ನು ತವರುಮನೆಯವರಿಗೆ ಕೊಡಿ.

ಪ್ರಶ್ನೆ: ಹರಿಹರದ ಖಾಸಗಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿಯ ಹೆರಿಗೆಗೆ ಗಂಡನಿಗೂ ರಜೆ ಇದೆಯೆಂದು ಕೇಳಿದ್ದೇನೆ. ನನಗೆ ಸಿಗುತ್ತದೆಯೇ?

ಉತ್ತರ: ಕೇಂದ್ರ ಸರ್ಕಾರದ ಪುರುಷ ನೌಕರರಿಗೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದಾಗ, 15 ದಿನಗಳ ಪಿತೃತ್ವ ರಜೆ ಇದೆ, ನಮ್ಮ ರಾಜ್ಯ ಸರ್ಕಾರದ ನೌಕರರಿಗೂ 15 ದಿನಗಳ ರಜೆಯ ಅವಕಾಶವಿದೆ. ಖಾಸಗಿ ಕೆಲಸಗಾರನಿಗೆ ಇಂಥ ರಜೆ ಕೊಡಲೇಬೇಕೆಂಬ ಕಾನೂನು ಇಲ್ಲ. 2017ರ ತಿದ್ದುಪಡಿ ತಾಯಂದಿರ ರಜೆಯನ್ನು 26 ವಾರಕ್ಕೆ ಏರಿಸಿತು, ತಂದೆಯರ ವಿಷಯವನ್ನು ಮುಟ್ಟಲಿಲ್ಲ. ಇದು ನನಗೆ ಬೇಸರದ ಸಂಗತಿ. ನಿಮ್ಮ ಕಾರ್ಖಾನೆಯ ನಿಯಮದಲ್ಲಿ ಏನಾದರೂ ಇದೆಯೇ ಎಂದು ಲಿಖಿತವಾಗಿ ಕೇಳಿ, ಇಲ್ಲದಿದ್ದರೆ ಗಳಿಕೆ ರಜೆಯನ್ನು ಉಳಿಸಿಕೊಳ್ಳಿ.

ಉಳಿಸಿದ ರಜೆಯನ್ನು ಯಾವಾಗ ಬಳಸಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಹಳ ಗಂಡಸರು ಹೆರಿಗೆಯ ಹಿಂದುಮುಂದಿನ ಎರಡು ದಿನ ರಜೆ ಹಾಕಿ ಆಸ್ಪತ್ರೆಯ ಅಂಗಳದಲ್ಲಿ ನಿಂತು, ತಾಯಿ ಮಗು ಮನೆಗೆ ಬಂದ ದಿನ ಕೆಲಸಕ್ಕೆ ಮರಳುತ್ತಾರೆ. ಆಸ್ಪತ್ರೆಯಲ್ಲಿ ನರ್ಸುಗಳಿರುತ್ತಾರೆ, ಅತ್ತೆಯೋ ಅಮ್ಮನೋ ಇರುತ್ತಾರೆ. ನಿಜವಾದ ಕಷ್ಟ ಮೂರನೆಯ ದಿನದಿಂದ ಶುರುವಾಗುತ್ತದೆ: ಹಾಲು ಇಳಿದು ಎದೆ ಬಿಗಿಯುತ್ತದೆ, ಹೊಲಿಗೆ ನೋಯುತ್ತದೆ, ಮಗು ರಾತ್ರಿಯೆಲ್ಲ ಎದ್ದಿರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಹೆರಿಗೆಯ ದಿನಕ್ಕೆ ಎರಡು ರಜೆ ಸಾಕು. ಉಳಿದದ್ದನ್ನು ಮನೆಗೆ ಬಂದ ಮೇಲಿನ ವಾರಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನೋವು ತಿನ್ನುವಾಗ ಜೊತೆಯಲ್ಲಿರಬೇಕೆಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ. ಹೆರಿಗೆ ಕೋಣೆಯೊಳಗೆ ಗಂಡಸರನ್ನು ಬಿಡುತ್ತಾರೆಯೇ? ನನಗೆ ರಕ್ತ ಕಂಡರೆ ತಲೆ ತಿರುಗುತ್ತದೆ. — ದಾವಣಗೆರೆಯ ಓದುಗರು

ಉತ್ತರ: ಹೆರುವವಳಿಗೆ ಬೇಕಾದವರೊಬ್ಬರು ಪಕ್ಕದಲ್ಲಿದ್ದರೆ ನೋವಿನ ಅವಧಿ ಕಡಿಮೆಯಾಗುತ್ತದೆ, ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ ಎಂಬುದು ಅಧ್ಯಯನಗಳಿಂದ ಗೊತ್ತಾಗಿರುವ ಸಂಗತಿ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಸಲಹೆ ಮಾಡುತ್ತದೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾರರಿಗೆ ಅವಕಾಶ ಕೊಟ್ಟಿತು. ಹೆರಿಗೆಯ ಅನುಭವವಿರುವ ಹೆಂಗಸು ಇರಲಿ ಎಂಬುದು ಅದರ ಮೊದಲ ಆಯ್ಕೆ. ಹಾಸಿಗೆಗಳ ನಡುವೆ ಮರೆ ಇದ್ದು ಬೇರೆ ಹೆಂಗಸರ ಮರ್ಯಾದೆಗೆ ಧಕ್ಕೆ ಬಾರದ ಕಡೆ ಗಂಡನೂ ಇರಬಹುದು. ಒಂದೇ ಹಾಲಿನಲ್ಲಿ ನಾಲ್ಕು ಜನ ಹೆರುತ್ತಿರುವ ಕಡೆ ನಿಮ್ಮನ್ನು ಒಳಗೆ ಬಿಡದಿದ್ದರೆ ಅದು ಹಟವಲ್ಲ, ಉಳಿದ ಮೂವರ ಬಗೆಗಿನ ಕಾಳಜಿ. ಆದ್ದರಿಂದ ಮುಂದಿನ ತಪಾಸಣೆಯಲ್ಲೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಬಿಡುವುದಿಲ್ಲ ಎಂದರೆ ಅವರು ಯಾರನ್ನು ಬಯಸುತ್ತಾರೆ, ತಾಯಿಯನ್ನೋ, ಅಕ್ಕನನ್ನೋ, ಅತ್ತೆಯನ್ನೋ ಎಂದು ಹೆಂಡತಿಯನ್ನೇ ಕೇಳಿ. ಹಿರಿತನ ನೋಡಿ ಒಳಗೆ ಕಳಿಸುವ ಜಾಗವಲ್ಲ ಅದು. ಯಾರ ಎದುರು ಅವರು ಕೂಗಿಕೊಳ್ಳಬಲ್ಲರೋ ಅವರು ಇರಬೇಕು.

ರಕ್ತದ ಭಯದ ಬಗ್ಗೆ ಇಷ್ಟು ಹೇಳಬಲ್ಲೆ. ಚೊಚ್ಚಲ ಹೆರಿಗೆಯಲ್ಲಿ ನೋವಿನ ಹೊತ್ತು ಹತ್ತು ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ನಡೆಯುವುದು ಸಾಮಾನ್ಯ, ಅದರಲ್ಲಿ ನಿಮ್ಮನ್ನು ಅಂಜಿಸುವ ದೃಶ್ಯ ಇರುವುದು ಕೊನೆಯ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಬೇಕಾಗುವುದು ಸೊಂಟವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತುವುದು, ಕೈಹಿಡಿದು ವರಾಂಡದಲ್ಲಿ ನಡೆಸುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು, ಹಣೆ ಒರೆಸುವುದು. ಹೆರಿಗೆಯ ಕೊನೆಯ ಗಳಿಗೆಯಲ್ಲಿ ಅವರ ತಲೆಯ ಬಳಿ ನಿಂತು ಮುಖವನ್ನೇ ನೋಡುತ್ತಿರಿ. ತಲೆ ತಿರುಗಿದಂತಾದರೆ ಯಾರ ಅಪ್ಪಣೆಗೂ ಕಾಯದೆ ಹೊರಗೆ ಹೋಗಿ ಕುಳಿತುಬಿಡಿ. ‘ಸ್ವಲ್ಪ ತಡಕೋ, ಎಲ್ಲರೂ ಹೆತ್ತಿದ್ದಾರೆ’ ಎಂಬ ಮಾತನ್ನು ಮಾತ್ರ ಆಡಬೇಡಿ, ಬೇರೆಯವರಿಗೂ ಆಡಗೊಡಬೇಡಿ.

ಪ್ರಶ್ನೆ: ನಾನು ಚಿತ್ರದುರ್ಗದ ಶಿಕ್ಷಕಿ, ಎಂಟನೆಯ ತಿಂಗಳು ನಡೆಯುತ್ತಿದೆ. ತಾಯಿ ಇಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ. ನಮ್ಮತ್ತೆ ಬಹಳ ಅಕ್ಕರೆಯವರು. ಆದರೆ ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಕು, ಮೊದಲ ಹಾಲು ಹಿಂಡಿ ಚೆಲ್ಲಬೇಕು, ಬಾಣಂತಿ ನೀರು ಕಡಿಮೆ ಕುಡಿಯಬೇಕು, ಕೋಣೆ ಮುಚ್ಚಿ ಅಗ್ಗಿಷ್ಟಿಕೆ ಇಡಬೇಕು ಎನ್ನುತ್ತಾರೆ. ನಾನು ಎದುರು ಮಾತಾಡಿದರೆ ಮನಸ್ಸು ನೋಯಿಸಿದಂತಾಗುತ್ತದೆ. ನಮ್ಮ ಮನೆಯವರು ‘ಹೆಂಗಸರ ವಿಷಯ, ನಾನೇನು ಹೇಳಲಿ’ ಎನ್ನುತ್ತಾರೆ. ಅವರಿಗೆ ನೀವೇ ಹೇಳಬೇಕು.

ಉತ್ತರ: ಹೇಳುತ್ತೇನೆ, ಈ ಪುಟವನ್ನು ಅವರ ಕೈಗೆ ಕೊಡಿ. ಅಯ್ಯಾ, ಇದು ಹೆಂಗಸರ ವಿಷಯವಲ್ಲ, ನಿಮ್ಮ ಕೂಸಿನ ವಿಷಯ. ಸೊಸೆ ಹೇಳಿದರೆ ಎದುರುತ್ತರವಾಗುವ ಮಾತು ಮಗ ಹೇಳಿದರೆ ಕಾಳಜಿಯಾಗುತ್ತದೆ. ಹೆರಿಗೆಯಾದ ಮೇಲಿನ ಗಡಿಬಿಡಿಯಲ್ಲಲ್ಲ, ಈಗಲೇ, ನಿಮ್ಮ ಅವ್ವನ ಪಕ್ಕದಲ್ಲಿ ಕುಳಿತು ನಿಧಾನವಾಗಿ ಹೇಳಿ. ಸಾಧ್ಯವಾದರೆ ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಹೇಳಿಸಿ.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲ ದಿನಗಳ ಆ ಹಳದಿ, ಮಂದ ಹಾಲು ಅಳತೆಯಲ್ಲಿ ಸ್ವಲ್ಪವೇ ಇದ್ದರೂ ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುವುದು ಅದೇ. ನಮ್ಮ ಹಳ್ಳಿಗಳಲ್ಲಿ ಎಮ್ಮೆ ಈದಾಗ ಗಿಣ್ಣದ ಹಾಲನ್ನು ಕರುವಿಗೆ ಕುಡಿಸದೆ ಬಿಡುವವರು ಯಾರಿದ್ದಾರೆ? ಇದೂ ಅದೇ ಎಂದು ನಿಮ್ಮ ಅವ್ವನಿಗೆ ಹೇಳಿದರೆ ಒಡನೆಯೇ ಅರ್ಥವಾಗುತ್ತದೆ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು; ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ಮೈಕೈ ನಿತ್ರಾಣಗೊಳಿಸುವ ವಿಷವನ್ನು ಉಂಟುಮಾಡಬಲ್ಲದು. ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನಮ್ಮ ಬೇಸಿಗೆಯಲ್ಲೂ ಬೇರೆ ನೀರು ಬೇಡ. ಆ ಹಾಲು ಬರಬೇಕಾದರೆ ಬಾಣಂತಿ ಬಾಯಾರಿದಾಗಲೆಲ್ಲ ಹೊಟ್ಟೆ ತುಂಬ ನೀರು ಕುಡಿಯಬೇಕು. ನೀರು ಬಿಟ್ಟರೆ ಮಲಬದ್ಧತೆ, ಉರಿಮೂತ್ರ, ನಿತ್ರಾಣಗಳೇ ಲಾಭ.

ಅಗ್ಗಿಷ್ಟಿಕೆಯ ಮಾತಿಗೆ ಮಾತ್ರ ನೀವು ಬಗ್ಗಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟರೆ ವಾಸನೆಯಿಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ. ಮಲಗಿದ ತಾಯಿ ಮಗು ಮೇಲೇಳದೆ ಹೋಗಬಹುದು. ಮಗುವಿಗೆ ಬೇಕಾದ ಬಿಸಿ ತಾಯಿಯ ಮೈಯಲ್ಲಿದೆ. ಬರಿ ಎದೆಗೆ ಬರಿ ಮೈಯ ಮಗುವನ್ನು ಒರಗಿಸಿ ಮೇಲೆ ಹೊದೆಸಿದರೆ ಅದು ಬೆಚ್ಚಗಿರುತ್ತದೆ. ತಾಯಿ ದಣಿದಾಗ ತಂದೆಯ ಎದೆಯೂ ಆಗುತ್ತದೆ. ಮಗುವಿನ ತೂಕ 2.5 ಕಿಲೋಗಿಂತ ಕಡಿಮೆ ಇದ್ದರೆ ಇದು ಔಷಧಿಯಷ್ಟೇ ಮುಖ್ಯ. ಮೊದಲ ಸ್ನಾನಕ್ಕೆ ಕಡೇಪಕ್ಷ 24 ಗಂಟೆ ಕಾಯಲಿ, ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಲಿ.

ಇಷ್ಟನ್ನು ಬೇಡವೆಂದ ಮೇಲೆ ನಿಮ್ಮ ಅವ್ವನ ಕೈಯಲ್ಲಿ ಉಳಿಯುವುದೇನೂ ಕಡಿಮೆಯಲ್ಲ. ಅಳವಿಯ ಪಾಯಸ, ಅಂಟಿನುಂಡೆ, ಬಿಸಿ ರೊಟ್ಟಿ, ಸೊಪ್ಪಿನ ಸಾರು, ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ ಎರೆಯುವ ಬಿಸಿನೀರು ಎಲ್ಲವೂ ಒಳ್ಳೆಯದೇ. ಅವುಗಳನ್ನು ಮಾಡಿಕೊಡಿರೆಂದು ನೀವೇ ಕೇಳಿಕೊಳ್ಳಿ. ತಮ್ಮ ಅರಿವಿಗೆ ಈ ಮನೆಯಲ್ಲಿ ಬೆಲೆ ಇದೆಯೆಂದು ಅವರಿಗೂ ಅನಿಸಬೇಕು.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಈಗ ಮತ್ತೆ 35 ವಾರ. ಎಲ್ಲ ಸರಿ ಇದೆ ಎಂದು ವೈದ್ಯರು ಹೇಳುತ್ತಾರೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಹೆಂಡತಿಯ ಎದುರು ನಗುತ್ತೇನೆ. ಗಂಡಸಾಗಿ ಇದನ್ನು ಯಾರ ಬಳಿ ಹೇಳಲಿ? — ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ನನ್ನ ಬಳಿ ಹೇಳಿದಿರಿ, ಒಳ್ಳೆಯದಾಯಿತು. ಮಗುವನ್ನು ಕಳೆದುಕೊಂಡಾಗ ಊರಿನವರೆಲ್ಲ ತಾಯಿಯನ್ನು ಮಾತಾಡಿಸುತ್ತಾರೆ. ತಂದೆಗೆ ‘ನೀನು ಧೈರ್ಯ ತಗೋ, ಅವಳನ್ನು ನೋಡಿಕೋ’ ಎಂದು ಹೇಳಿ ಹೋಗುತ್ತಾರೆ. ನೀವು ಅಂದು ಅಳದೆ ಉಳಿಸಿಕೊಂಡದ್ದು ಈಗ ನಿದ್ದೆಗೆಡಿಸುತ್ತಿದೆ. ಅದು ಹೇಡಿತನವಲ್ಲ.

ನಿಮ್ಮ ಹೆಂಡತಿಗೆ ಹೇಳಿ ಎಂಬುದು ನನ್ನ ಮೊದಲ ಮಾತು. ನಿಮ್ಮ ನಗುವಿನ ಹಿಂದೆ ಏನಿದೆಯೆಂದು ಅವರಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಅವರೂ ಇದೇ ಭಯವನ್ನು ನಿಮಗೆ ಕಾಣದಂತೆ ಹೊತ್ತಿರುವ ಸಾಧ್ಯತೆಯೇ ಹೆಚ್ಚು. ಎರಡನೆಯದಾಗಿ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ, ಹಿಂದಿನ ಸಲ ಆದದ್ದಕ್ಕೆ ಕಾರಣ ಗೊತ್ತಾಗಿದೆಯೇ, ಈ ಸಲ ಅದಕ್ಕಾಗಿ ಏನು ನೋಡುತ್ತಿದ್ದೀರಿ, ದಿನ ತುಂಬಿದ ಮೇಲೆ ಎಷ್ಟು ಕಾಯುತ್ತೀರಿ ಎಂಬ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೇಳಿ. ‘ಎಲ್ಲ ಸರಿ ಇದೆ’ ಎಂಬ ಒಂದೇ ಸಾಲಿಗಿಂತ ಈ ಉತ್ತರಗಳು ನಿಮಗೆ ಹೆಚ್ಚು ನೆಮ್ಮದಿ ಕೊಡುತ್ತವೆ. ಅವರು ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ, ಮಗುವಿನ ಓಡಾಟ ಕಡಿಮೆಯೆನಿಸಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ; ಹತ್ತು ಸಲ ಸುಮ್ಮನೆ ಹೋದರೂ ಚಿಂತೆಯಿಲ್ಲ.

ನಿದ್ದೆಯಿಲ್ಲದಿರುವುದು ಎರಡು ವಾರಕ್ಕೂ ಮೀರಿ ನಡೆದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆರಿಗೆಯ ಆಸುಪಾಸಿನ ಖಿನ್ನತೆ ತಂದೆಯರಿಗೂ ಬರುತ್ತದೆ, ವಾಸಿಯೂ ಆಗುತ್ತದೆ.

ಪ್ರಶ್ನೆ: ನನ್ನದೂ ನನ್ನ ಹೆಂಡತಿಯದೂ ಒಂದೇ ರಕ್ತದ ಗುಂಪು. ಅಗತ್ಯ ಬಿದ್ದರೆ ನಾನೇ ಅವಳಿಗೆ ರಕ್ತ ಕೊಡಬಹುದಲ್ಲವೇ? — ಹೊಳಲ್ಕೆರೆಯ ಓದುಗರು

ಉತ್ತರ: ನಿಮ್ಮ ರಕ್ತವನ್ನು ನೇರವಾಗಿ ಅವರಿಗೇ ಕೊಡುವುದು ಒಳ್ಳೆಯದಲ್ಲ. ಗಂಡನ ರಕ್ತ ಹೆಂಡತಿಯ ಮೈ ಸೇರಿದರೆ ಅದರ ವಿರುದ್ಧ ಅವರ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದಿನ ಮಗುವಿಗೆ ತೊಂದರೆಯಾಗಬಹುದು. ನೀವು ರಕ್ತನಿಧಿಗೆ ದಾನ ಮಾಡಿ, ಅಲ್ಲಿ ಪರೀಕ್ಷೆಯಾದ ಬೇರೆಯವರ ರಕ್ತ ನಿಮ್ಮವರಿಗೆ ಬರಲಿ. ಕೊಡಲು ಸಿದ್ಧರಿರುವ ಇಬ್ಬರು ಮೂವರು ಗೆಳೆಯರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹೆಂಡತಿಯ ಗುಂಪು ನೆಗೆಟಿವ್ ಆಗಿದ್ದು ಗಂಡನದು ಪಾಸಿಟಿವ್ ಆಗಿರುವ ಓದುಗರು ಇನ್ನೊಂದನ್ನು ನೆನಪಿಡಬೇಕು: ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಬೀಳಬೇಕು. ಸಿಹಿ ಹಂಚುವ ಮೊದಲು ಮಗುವಿನ ರಕ್ತದ ಗುಂಪು ಕೇಳಿ.

ಪ್ರಶ್ನೆ: ಹೆಸರು ಇಡುವುದು ಮೂರನೆಯ ತಿಂಗಳು ತೊಟ್ಟಿಲು ಕಟ್ಟಿದಾಗ. ಅಲ್ಲಿಯವರೆಗೆ ಜನನ ನೋಂದಣಿ ಹೇಗೆ ಮಾಡಿಸುವುದು? — ಹೊಸದುರ್ಗದ ಓದುಗರು

ಉತ್ತರ: ಹೆಸರಿಗಾಗಿ ನೋಂದಣಿ ಕಾಯಬೇಕಾಗಿಲ್ಲ. ಹುಟ್ಟಿದ 21 ದಿನದೊಳಗೆ ನೋಂದಣಿಯಾಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿಯನ್ನು ಅವರೇ ಕಳಿಸುತ್ತಾರೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ಡಿಸ್ಚಾರ್ಜ್ ಆಗುವ ಮುನ್ನ ತಂದೆತಾಯಿಯ ಹೆಸರುಗಳ ಅಕ್ಷರ ಆಧಾರ್‌ನಲ್ಲಿರುವಂತೆಯೇ ಇದೆಯೇ, ಹುಟ್ಟಿದ ತಾರೀಖು ಸರಿಯಿದೆಯೇ, ರಾತ್ರಿ ಹನ್ನೆರಡರ ಆಚೀಚೆ ಹುಟ್ಟಿದ ಮಗುವಾದರೆ ಯಾವ ದಿನವೆಂದು ಬರೆದಿದ್ದಾರೆ ಎಂಬುದನ್ನು ನೀವೇ ಓದಿ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ತಾರೀಖಿಗೂ ಊರಿಗೂ ಈ ಪ್ರಮಾಣಪತ್ರವೇ ಆಧಾರ. ಅಲ್ಲಿ ತಪ್ಪಿದ ಒಂದು ಅಕ್ಷರವನ್ನು ಆಮೇಲೆ ತಿದ್ದಿಸಲು ಕಚೇರಿಗೆ ಅಲೆಯುವುದಕ್ಕಿಂತ, ಆಸ್ಪತ್ರೆಯ ದಾಖಲೆ ಬರೆಯುವ ಮೇಜಿನ ಮುಂದೆ ಐದು ನಿಮಿಷ ನಿಂತು ಓದುವುದು ಸುಲಭ. ಅದೇ ಮೇಜಿನ ಬಳಿ ಮಗುವಿಗೆ ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್-ಬಿ ಲಸಿಕೆ ಮೂರೂ ಆಗಿವೆಯೆಂದು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಹೊರಡಿ.